ಬೀಸಣಿಗೆಯಿಲ್ಲದ ಗಣಕಯಂತ್ರ

ಹಳೆಯ ವಾಲ್ವ್ ರೇಡಿಯೋಗಳನ್ನು ಕಂಡವರು ಈಗ ವಿರಳವಾಗುತ್ತಿದ್ದಾರೆ. ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಪರದೆ, ಹಿಂಭಾಗದಲ್ಲಿ ಸಾಲಾಗಿ ತೂತು ಕೊರೆದ ರಟ್ಟಿನ ಹಲಗೆ. ಚಳಿಗಾಲದ ರಾತ್ರಿ ಆ ರಟ್ಟಿನ ಮೇಲಂಚಿನ ಬಳಿ ಕೈಯಿಟ್ಟರೆ ಬೆಚ್ಚನೆಯ ಗಾಳಿ ಮೇಲೇಳುತ್ತಿದ್ದುದು ಅರಿವಿಗೆ ಬರುತ್ತಿತ್ತು. ಆ ಪೆಟ್ಟಿಗೆ 40-50 ವ್ಯಾಟ್ ವಿದ್ಯುತ್ತನ್ನು ನುಂಗಿ ಅದರ ಬಹುಪಾಲನ್ನು ಶಾಖವಾಗಿಯೇ ಹೊರಕ್ಕೆ ಬಿಡುತ್ತಿತ್ತು. ಆದರೂ ಅದರೊಳಗೆ ಬೀಸಣಿಗೆ ಇರಲಿಲ್ಲ. ಇದ್ದಿದ್ದರೆ ಸಂಗೀತವನ್ನಾಗಲಿ ಭಾಷಣವನ್ನಾಗಲಿ ನೆಮ್ಮದಿಯಿಂದ ಕೇಳುವುದು ಸಾಧ್ಯವಾಗುತ್ತಿರಲಿಲ್ಲ. ಇಂದು ನಮ್ಮ ಮೇಜಿನ ಮೇಲಿರುವ ಗಣಕಯಂತ್ರ ಸಾಧಾರಣ ಬರವಣಿಗೆಯ ಕೆಲಸದಲ್ಲಿ ಹೆಚ್ಚುಕಡಮೆ ಅಷ್ಟೇ ವಿದ್ಯುತ್ತನ್ನು ಬಳಸುತ್ತದೆ. ಆದರೆ ಎರಡು ಮೂರು ಫ್ಯಾನುಗಳಿಲ್ಲದೆ ಅದು ಬದುಕಲಾರದೆಂದು ನಾವೆಲ್ಲ ನಂಬಿದ್ದೇವೆ. ಈ ನಂಬಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಉಸಾಬರಿ ಏಕೆಂದು ಕೇಳುವವರಿದ್ದಾರೆ. ಕಾರಣವಿದೆ. 1980ರ ದಶಕದ ಕೊನೆಯಲ್ಲಿ ನಾನು, ನನ್ನ ಇಬ್ಬರು ಗೆಳೆಯರು ಕೊಳ್ಳೇಗಾಲದ ಆಸುಪಾಸಿನ ಹಳ್ಳಿಗಳಲ್ಲಿ ಅಲೆದು, ಮಲೆಯ ಮಾದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರ ಕಂಠವನ್ನು ಕ್ಯಾಸೆಟ್ಟುಗಳಲ್ಲಿ ಹಿಡಿದಿಟ್ಟುಕೊಂಡಿದ್ದೆವು. ಹಾಡಿದವರಲ್ಲಿ ಈಗ ಒಬ್ಬರೂ ಉಳಿದಿಲ್ಲ. ಕ್ಯಾಸೆಟ್ಟುಗಳ ಆಯುಷ್ಯವೂ ಮುಗಿಯುತ್ತ ಬಂದದ್ದರಿಂದ ಅವನ್ನೆಲ್ಲ ಗಣಕಕ್ಕೆ ಇಳಿಸಿಕೊಂಡು, ಸಾಲು ಸಾಲಾಗಿ ಕೇಳಿ ಬರೆಯುವ ಕೆಲಸವನ್ನು ನಿವೃತ್ತಿಯ ನಂತರ ಕೈಗೆತ್ತಿಕೊಂಡೆ. ಹಾಡುಗಾರ ಕಂಸಾಳೆಯನ್ನು ನಿಲ್ಲಿಸಿ ದನಿ ತಗ್ಗಿಸಿ ಕಥೆ ಹೇಳುವ ಕಡೆಗಳಲ್ಲೆಲ್ಲ ಗಣಕದ ಫ್ಯಾನು ಅವನ ಮಾತಿನ ಮೇಲೆ ತನ್ನ ಮಾತನ್ನು ಹೊದಿಸತೊಡಗಿತು.

ಇದು ಬರಿಯ ಮುದುಕನ ಸಿಡುಕಲ್ಲ. ನಮ್ಮ ಭಾಷೆಯ ಸ್ವರಗಳು ಗಟ್ಟಿಯಾದವು, ದೀರ್ಘವಾಗಿ ನಿಲ್ಲುವಂಥವು. ಕ, ತ, ಪ, ಸ ಮೊದಲಾದ ಅಘೋಷ ವ್ಯಂಜನಗಳೋ ಅತಿ ಕ್ಷೀಣ. ಅವನ್ನು ಒಂದರಿಂದೊಂದು ಬೇರ್ಪಡಿಸಿ ತಿಳಿಸುವ ಅಂಶ ಬಹುಮಟ್ಟಿಗೆ ಹೆಚ್ಚಿನ ಕಂಪನಾಂಕಗಳಲ್ಲಿರುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಈ ಕಂಪನಾಂಕಗಳನ್ನೇ. ಎಡೆಬಿಡದ ಗಾಳಿಸದ್ದು ಮೊದಲು ಮುಚ್ಚಿಹಾಕುವುದೂ ಇವುಗಳನ್ನೇ. ಹೀಗಾಗಿ ಕಾಲ, ಪಾಲ, ಸಾಲ ಎಂಬ ಮೂರು ಪದಗಳೂ ನನ್ನ ಕೋಣೆಯಲ್ಲಿ ಆಲದ ಮರವಾಗಿ ನಿಲ್ಲುತ್ತಿದ್ದವು. ಅನುಕೂಲವಾದ ಗಾಳಿಯ ನೆರವಿನಿಂದ ಶಬ್ದ ಹುಟ್ಟುತ್ತದೆಂದೂ ಅದರ ಬಣ್ಣ ಬಿಳುಪೆಂದೂ ಕೇಶಿರಾಜ ತನ್ನ ವ್ಯಾಕರಣದಲ್ಲಿ ಹೇಳಿರುವುದು ಕನ್ನಡ ವಿದ್ಯಾರ್ಥಿಗಳಿಗೆಲ್ಲ ತಿಳಿದದ್ದೇ. ಎಲ್ಲ ಕಂಪನಾಂಕಗಳೂ ಸಮವಾಗಿ ಬೆರೆತ ಸದ್ದನ್ನು ಇಂದಿನ ಧ್ವನಿವಿಜ್ಞಾನಿಗಳೂ ಬಿಳಿಯ ಸದ್ದೆಂದೇ ಕರೆಯುತ್ತಾರೆ. ಫ್ಯಾನಿನ ಸದ್ದು ಅದರ ಹತ್ತಿರದ ಜ್ಞಾತಿ. ಕೇಶಿರಾಜನಿಗೆ ಇದು ತಿಳಿದಿತ್ತೆಂದು ನಾನು ವಾದಿಸುವುದಿಲ್ಲ. ಅಂಥ ವಾದ ಮಾಡುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ.

ಇನ್ನು ಮೂಲ ಪ್ರಶ್ನೆಗೆ ಬರೋಣ. ಗಣಕ ಏಕೆ ಬಿಸಿಯಾಗುತ್ತದೆ? ಅದರ ಮಿದುಳೆನಿಸಿದ ಪ್ರೊಸೆಸರಿನಲ್ಲಿ ಕೋಟ್ಯಂತರ ಅತಿಸೂಕ್ಷ್ಮ ಸ್ವಿಚ್ಚುಗಳಿವೆ. ಒಂದೊಂದು ಸಲ ತೆರೆದು ಮುಚ್ಚುವಾಗಲೂ ಒಂದೊಂದು ಕಣ ವಿದ್ಯುತ್ತು ಶಾಖವಾಗಿ ಮಾರ್ಪಡುತ್ತದೆ. ಈ ಕ್ರಿಯೆ ಸೆಕೆಂಡಿಗೆ ನೂರಾರು ಕೋಟಿ ಸಲ ನಡೆಯುತ್ತದೆ. ಗಣಕ ಭಾರ ಎತ್ತುವುದಿಲ್ಲ, ನೀರು ಸೇದುವುದಿಲ್ಲ. ಅದು ಕುಡಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಕೋಣೆಯನ್ನು ಸೇರಬೇಕು. ಆದ್ದರಿಂದ ಸದ್ದನ್ನು ಅಡಗಿಸಬೇಕೆಂದು ಪೆಟ್ಟಿಗೆಯ ಒಳಗೋಡೆಗೆ ಸ್ಪಂಜು ಅಂಟಿಸುವುದು ಜ್ವರ ಬಂದವನಿಗೆ ಕಂಬಳಿಯ ಮೇಲೆ ಕಂಬಳಿ ಹೊದಿಸಿದಂತೆ. ಸದ್ದಿನ ಬೇರು ಶಾಖದಲ್ಲಿದೆ. ಮೊದಲು ಶಾಖ ಕಡಿಮೆ ಹುಟ್ಟಬೇಕು. ಆಮೇಲೆ, ಹುಟ್ಟಿದ್ದಕ್ಕೆ ಹೊರಹೋಗುವ ದಾರಿ ಸಿಗಬೇಕು.

ಕಡಿಮೆ ಹುಟ್ಟಿಸುವ ಬಗೆಯಲ್ಲಿ ಒಂದು ಸ್ವಾರಸ್ಯವಿದೆ. ಸ್ವಿಚ್ಚುಗಳು ಬಡಿಯುವ ವೇಗ ಹೆಚ್ಚಿದಂತೆ ಶಾಖ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ವೋಲ್ಟೇಜು ಹೆಚ್ಚಿದರೆ ಮಾತ್ರ ಅದರ ವರ್ಗದಷ್ಟು, ಎಂದರೆ ಎರಡರಷ್ಟಾದರೆ ನಾಲ್ಕರಷ್ಟು, ಹೆಚ್ಚುತ್ತದೆ. ಹೆಚ್ಚಿನ ವೇಗಕ್ಕೆ ಹೆಚ್ಚಿನ ವೋಲ್ಟೇಜು ಬೇಕು. ಕೊನೆಯ ಸ್ವಲ್ಪ ವೇಗಕ್ಕಾಗಿ ತೆರುವ ದಂಡ ವಿಪರೀತ. ವೇಗವನ್ನು ಕಾಲುಭಾಗ ತಗ್ಗಿಸಿ, ಅದರ ಜೊತೆಗೆ ವೋಲ್ಟೇಜನ್ನು ನೂರಕ್ಕೆ 15ರಷ್ಟು ಇಳಿಸಿದರೆ ಸ್ವಿಚ್ಚುಗಳಿಂದ ಹುಟ್ಟುವ ಶಾಖ ಹೆಚ್ಚುಕಡಮೆ ಅರ್ಧಕ್ಕಿಳಿಯುತ್ತದೆ. ಆಟಗಳಿಗೂ ಚಲನಚಿತ್ರದ ಕೆಲಸಕ್ಕೂ ಬಳಸುವ ಬಲಿಷ್ಠ ಪ್ರೊಸೆಸರುಗಳು 125 ವ್ಯಾಟಿನಿಂದ 250 ವ್ಯಾಟಿನವರೆಗೂ ಕುಡಿಯುತ್ತವೆ. ಸಾಮಾನ್ಯವಾದವಕ್ಕೆ 65 ವ್ಯಾಟು. ಮಿತಾಹಾರಿಗಳೆನಿಸಿದ 35 ವ್ಯಾಟಿನವೂ ಉಂಟು. ಓದುವುದು, ಬರೆಯುವುದು, ಧ್ವನಿ ಕೇಳುವುದು ಇಷ್ಟೇ ಕೆಲಸವಿರುವವನಿಗೆ ಈ ಕೊನೆಯದು ಧಾರಾಳ.

ಇನ್ನು ದಾರಿಯ ಮಾತು. ಪ್ರೊಸೆಸರಿನ ಶಾಖ ಹುಟ್ಟುವ ಜಾಗ ಉಗುರಿನಷ್ಟು. ಅದನ್ನು ಗಾಳಿಗೆ ಒಪ್ಪಿಸಬೇಕಾದರೆ ವಿಶಾಲವಾದ ಮೈ ಬೇಕು. ತಾನಾಗಿ ಮೇಲೇಳುವ ಗಾಳಿ ಸೋಮಾರಿ. ಕೋಣೆಗಿಂತ 25 ಡಿಗ್ರಿ ಹೆಚ್ಚು ಬಿಸಿಯಾದ ಲೋಹದಿಂದ 35 ವ್ಯಾಟನ್ನು ಅದು ಹೊತ್ತೊಯ್ಯಬೇಕಾದರೆ, ಸ್ಥೂಲವಾಗಿ ದಿನಪತ್ರಿಕೆಯ ಒಂದು ಪುಟದಷ್ಟು ಮೈ ಬೇಕಾಗುತ್ತದೆ. 65 ವ್ಯಾಟಿಗೆ ಸುಮಾರು ಎರಡು ಪುಟ. 250 ವ್ಯಾಟಿಗೆ ಆರೇಳು ಪುಟ. ಫ್ಯಾನೆಂಬುದು ಈ ಸೋಮಾರಿಯನ್ನು ಹಿಂದಿನಿಂದ ತಳ್ಳುವ ಆಳು. ಆಳು ಬೇಡವೆಂದರೆ ಪುಟಗಳನ್ನು ಹೆಚ್ಚಿಸಬೇಕು. ಅದಕ್ಕಾಗಿಯೇ ಅಲ್ಯೂಮಿನಿಯಂ ಫಲಕಗಳನ್ನು ಪುಸ್ತಕದ ಹಾಳೆಗಳಂತೆ ಜೋಡಿಸುತ್ತಾರೆ. ಆದರೆ ಹಾಳೆಗಳು ಒತ್ತಾಗಿರಕೂಡದು. ಫ್ಯಾನಿರುವ ಕಡೆ ಎರಡು ಮಿಲಿಮೀಟರ್ ಅಂತರ ಸಾಕಾದರೆ, ಇಲ್ಲಿ ಅದರ ನಾಲ್ಕೈದರಷ್ಟು ಬೇಕು. ಇಲ್ಲದಿದ್ದರೆ ಗಾಳಿ ನಡುವೆ ಸಿಕ್ಕಿಕೊಂಡು ಮೇಲೇಳುವುದೇ ಇಲ್ಲ. ಹಾಳೆಗಳು ನೆಟ್ಟಗೆ ನಿಂತಿರಬೇಕು. ಅಡುಗೆಮನೆಯ ಗವಾಕ್ಷಿಯನ್ನು ನಮ್ಮ ಹಿರಿಯರು ಗೋಡೆಯ ಬುಡದಲ್ಲಿಡದೆ ಮಾಡಿನಲ್ಲಿಟ್ಟದ್ದು ಯಾವ ಕಾರಣಕ್ಕೋ ಇಲ್ಲಿಯೂ ಅದೇ ಕಾರಣ.

ಉಗುರಿನಷ್ಟು ಜಾಗದಿಂದ ಈ ಹಾಳೆಗಳವರೆಗೆ ಶಾಖವನ್ನು ಸಾಗಿಸುವ ಸಾಧನವೇ ಹೀಟ್ ಪೈಪ್. ನನಗೆ ಇಡೀ ಯಂತ್ರದಲ್ಲಿ ಅತ್ಯಂತ ಮೆಚ್ಚುಗೆಯಾದ ವಸ್ತು ಇದು. ಹೊರಗೆ ನೋಡಿದರೆ ಬೆರಳು ಗಾತ್ರಕ್ಕಿಂತ ತೆಳುವಾದ ತಾಮ್ರದ ಕೊಳವೆ. ಒಳಗಿನ ಗಾಳಿಯನ್ನು ತೆಗೆದು, ನಾಲ್ಕಾರು ಹನಿ ನೀರಿಟ್ಟು ಎರಡೂ ತುದಿಯನ್ನು ಬೆಸೆದಿರುತ್ತಾರೆ. ಗಾಳಿಯ ಒತ್ತಡವಿಲ್ಲದ್ದರಿಂದ ಆ ನೀರು ಕುದಿಯಲು 100 ಡಿಗ್ರಿ ಮುಟ್ಟಬೇಕಾಗಿಲ್ಲ. 35-40 ಡಿಗ್ರಿಗೇ ಆವಿಯಾಗುತ್ತದೆ. ಇಡ್ಲಿಪಾತ್ರೆಯನ್ನು ನೆನಪಿಸಿಕೊಳ್ಳಿ. ತಳದ ನೀರು ಆವಿಯಾಗಿ ಏರಿ, ಮುಚ್ಚಳಕ್ಕೆ ತಾಗಿ, ತನ್ನ ಶಾಖವನ್ನೆಲ್ಲ ಮುಚ್ಚಳಕ್ಕೆ ಕೊಟ್ಟು, ಹನಿಯಾಗಿ ಕೆಳಗಿಳಿಯುತ್ತದೆ. ಕುದಿನೀರಿಗಿಂತ ಹಬೆ ಹೆಚ್ಚು ಸುಡುವುದೇಕೆಂದು ಅಡುಗೆ ಮಾಡುವವರಿಗೆ ಹೇಳಬೇಕಾಗಿಲ್ಲ: ಆವಿ ನೀರಾಗುವಾಗ ಬಿಟ್ಟುಕೊಡುವ ಶಾಖ ಅಷ್ಟು ಅಪಾರ. ಹೀಟ್ ಪೈಪಿನಲ್ಲಿ ನಡೆಯುವುದೂ ಇದೇ. ಬಿಸಿ ತುದಿಯಲ್ಲಿ ಆವಿಯಾದ ನೀರು ತಣ್ಣನೆಯ ತುದಿಯಲ್ಲಿ ಹನಿಯಾಗುತ್ತದೆ. ಅಲ್ಲಿಂದ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಕೊಳವೆಯ ಒಳಮೈಯಲ್ಲಿರುವ ಬತ್ತಿಯಂಥ ಪದರದ ಮೂಲಕ ಮರಳಿ ಬಿಸಿ ತುದಿಗೆ ಬರುತ್ತದೆ. ತಿರುಗುವ ಭಾಗವಿಲ್ಲ, ಸವೆಯುವ ಭಾಗವಿಲ್ಲ, ಸದ್ದಿಲ್ಲ. ಘನ ತಾಮ್ರದ ಸರಳಿಗಿಂತ ಅನೇಕ ಪಾಲು ಚುರುಕಾಗಿ ಶಾಖ ಸಾಗುತ್ತದೆ. 1944ರಲ್ಲಿಯೇ ಜನರಲ್ ಮೋಟರ್ಸಿನ ಗಾಗ್ಲರ್ ಎಂಬಾತ ಇಂಥದೊಂದಕ್ಕೆ ಪೇಟೆಂಟ್ ಪಡೆದಿದ್ದ. ಅದು ಮೂಲೆ ಸೇರಿತು. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ ಅದನ್ನು ಸ್ವತಂತ್ರವಾಗಿ ಮತ್ತೆ ಕಂಡುಹಿಡಿದ ಮೇಲೆ ಮೊದಲು ಬಾಹ್ಯಾಕಾಶ ನೌಕೆಗಳಿಗೆ ಏರಿತು, ಬಹಳ ತಡವಾಗಿ ನಮ್ಮ ಮೇಜಿಗೆ ಇಳಿಯಿತು.

ಫ್ಯಾನನ್ನು ದ್ವೇಷಿಸಿದವರಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಪ್ರಸಿದ್ಧ. 1980ರ ಆ್ಯಪಲ್ 3 ಎಂಬ ಗಣಕಕ್ಕೆ ಫ್ಯಾನಿರಲಿಲ್ಲ; ಅಲ್ಯೂಮಿನಿಯಂ ಎರಕದ ಪೀಠವೇ ಶಾಖವನ್ನು ಹೀರಬೇಕೆಂಬುದು ಎಣಿಕೆ. ಎಣಿಕೆ ಕೈಗೂಡಲಿಲ್ಲ. ಬಿಸಿಗೆ ಒಳಗಿನ ಚಿಪ್ಪುಗಳು ತಮ್ಮ ನೆಲೆಯಿಂದ ಸಡಿಲವಾದವೆಂದೂ, ಯಂತ್ರವನ್ನು ಎರಡು ಮೂರು ಇಂಚು ಎತ್ತಿ ಮೇಜಿನ ಮೇಲೆ ಕುಕ್ಕಿದರೆ ಸರಿಹೋಗುವುದೆಂದು ಕಂಪನಿಯವರೇ ಸಲಹೆ ಕೊಡುತ್ತಿದ್ದರೆಂದೂ ಗಣಕಲೋಕದಲ್ಲಿ ಇಂದಿಗೂ ನಗುನಗುತ್ತ ಹೇಳುತ್ತಾರೆ. 1984ರ ಮೊದಲ ಮ್ಯಾಕಿಂಟಾಷ್‌ಗೂ ಫ್ಯಾನಿರಲಿಲ್ಲ. 2000ದಲ್ಲಿ ಬಂದ ಘನಾಕೃತಿಯ ಕ್ಯೂಬ್ ಎಂಬ ಯಂತ್ರದ ನಟ್ಟನಡುವೆ ನೆಟ್ಟಗೆ ಒಂದು ಸುರಂಗ. ತಳದಿಂದ ತಣ್ಣನೆಯ ಗಾಳಿ ಒಳಬಂದು ಬಿಸಿಯಾಗಿ ನೆತ್ತಿಯಿಂದ ಹೊರಹೋಗುವ ಏರ್ಪಾಟು. ತೊಟ್ಟಿಯ ಮನೆಯಲ್ಲಿ ಬೆಳೆದವನಿಗೆ ಅದರ ಚಿತ್ರ ನೋಡಿದೊಡನೆ ಅರ್ಥವಾಗುತ್ತದೆ. ಅದು ಮರುವರ್ಷವೇ ನಿಂತುಹೋದದ್ದಕ್ಕೆ ಮುಖ್ಯ ಕಾರಣ ದುಬಾರಿ ಬೆಲೆ. ಆ ಮನುಷ್ಯನ ಹಟಕ್ಕೆ ತಕ್ಕ ಚಿಪ್ಪು ಅವನ ಕಾಲದಲ್ಲಿ ಇರಲಿಲ್ಲವೆಂದೇ ನನ್ನ ಅಭಿಪ್ರಾಯ. 2020ರಲ್ಲಿ ಅದೇ ಕಂಪನಿ ಫ್ಯಾನಿಲ್ಲದ ಮಡಿಲಗಣಕವನ್ನು ಸಲೀಸಾಗಿ ಮಾರಿತು. 2021ರಲ್ಲಿ ಆಸ್ಟ್ರಿಯಾದ ನಾಕ್ಟುವಾ ಎಂಬ ಸಂಸ್ಥೆ ಆರು ಹೀಟ್ ಪೈಪುಗಳ, 1.2 ಕಿಲೋದಷ್ಟು ತೂಗುವ ಶೀತಕವನ್ನು ತಂದಿತು. ಅದಕ್ಕೆ ಫ್ಯಾನು ಬೇಕಿಲ್ಲ. ವಿನೋದವೆಂದರೆ ಆ ಸಂಸ್ಥೆ ಹೆಸರಾದದ್ದೇ ಫ್ಯಾನುಗಳಿಗೆ. ಅದರ ಲಾಂಛನ ಗೂಬೆ. ಸದ್ದಿಲ್ಲದೆ ಹಾರುವ ಹಕ್ಕಿ.

ನನ್ನ ಯಂತ್ರವನ್ನು ಜೋಡಿಸಿಕೊಟ್ಟವನು ಮೈಸೂರಿನಲ್ಲಿ ಗಣಕದ ಅಂಗಡಿ ಇಟ್ಟಿರುವ ಹಳೆಯ ಶಿಷ್ಯ. ಮೊದಲು ಒಪ್ಪಲಿಲ್ಲ.

“ಸರ್, ಫ್ಯಾನಿಲ್ಲದೆ ಕೊಟ್ಟರೆ ಆರು ತಿಂಗಳಲ್ಲಿ ನೀವೇ ವಾಪಸು ತರುತ್ತೀರಿ” ಎಂದ.

“ನಿನ್ನ ಜೇಬಿನ ಮೊಬೈಲಿನಲ್ಲಿ ಫ್ಯಾನು ಎಲ್ಲಿದೆಯಪ್ಪಾ?” ಎಂದೆ.

ಆಮೇಲೆ ನನಗಿಂತ ಅವನಿಗೇ ಉತ್ಸಾಹ ಹೆಚ್ಚಾಯಿತು. 35 ವ್ಯಾಟಿನ ಪ್ರೊಸೆಸರು. ಎರಡೂ ಪಕ್ಕಗಳಲ್ಲಿ ದಪ್ಪ ಅಲ್ಯೂಮಿನಿಯಂ ಹಾಳೆಗಳಿರುವ ಪೆಟ್ಟಿಗೆ, ಎಂದರೆ ಪೆಟ್ಟಿಗೆಯ ಮೈಯೇ ಶೀತಕ. ಪ್ರೊಸೆಸರಿನಿಂದ ಆ ಮೈಗೆ ನಾಲ್ಕು ಹೀಟ್ ಪೈಪು. ಲೋಹಕ್ಕೆ ಲೋಹ ಎಷ್ಟೇ ನುಣುಪಾಗಿ ಕೂತರೂ ನಡುವೆ ಕಣ್ಣಿಗೆ ಕಾಣದ ಗಾಳಿಯ ಪೊಟರೆಗಳು ಉಳಿಯುತ್ತವೆ. ಗಾಳಿಯ ಶಾಖವಾಹಕತೆ ತಾಮ್ರದ ಹತ್ತು ಸಾವಿರದಲ್ಲೊಂದು ಪಾಲೂ ಇಲ್ಲ. ಅದಕ್ಕಾಗಿ ಬೂದುಬಣ್ಣದ ಲೇಪವೊಂದನ್ನು ತೆಳ್ಳಗೆ ಹಚ್ಚಿದ. ಪೆಟ್ಟಿಗೆ ಕಪ್ಪಾಗಿರುವುದು ಅಂದಕ್ಕಾಗಿ ಮಾತ್ರವಲ್ಲ. ಆನೊಡೈಸ್ ಮಾಡಿದ ಮೈ, ಪಾಲಿಶ್ ಮಾಡಿದ ಹೊಳೆಯುವ ಮೈಗಿಂತ ಎಷ್ಟೋ ಪಾಲು ಹೆಚ್ಚು ಶಾಖವನ್ನು ವಿಕಿರಣವಾಗಿ ಹೊರಸೂಸುತ್ತದೆ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ಬದಲು ತಿರುಗದ ಎಸ್‌ಎಸ್‌ಡಿ. 230 ವೋಲ್ಟಿನ ವಿದ್ಯುತ್ತನ್ನು ಪಳಗಿಸುವ ಭಾಗ ಪೆಟ್ಟಿಗೆಯ ಹೊರಗೆ, ಮಡಿಲಗಣಕಗಳಿಗಿರುವಂತೆ ಒಂದು ಇಟ್ಟಿಗೆಯಾಗಿ, ಮೇಜಿನ ಕೆಳಗೆ.

ಹಾಕಿದ ಮೊದಲ ರಾತ್ರಿ ಆ ಇಟ್ಟಿಗೆಯಿಂದ ಸೊಳ್ಳೆಯ ದನಿಯಂಥ ಕೀರಲು ಕೇಳಿತು. ಸುರುಳಿತಂತಿಗಳು ವಿದ್ಯುತ್ತಿನ ಏರಿಳಿತಕ್ಕೆ ಕಂಪಿಸುವುದರಿಂದ ಹುಟ್ಟುವ ಸದ್ದು ಅದು. ಫ್ಯಾನಿನ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ. ಬೇರೊಂದು ಇಟ್ಟಿಗೆ ತಂದಮೇಲೆ ನಿಂತಿತು. ಅನಂತರ ಗೋಡೆ ಗಡಿಯಾರದ ಸರದಿ. ಅದನ್ನು ನಡುಮನೆಗೆ ಸಾಗಿಸಿದ್ದೇನೆ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಎಲ್ಲರಿಗೂ ಈ ದಾರಿ ಬೇಕಿಲ್ಲ. ಫ್ಯಾನಿನ ವೇಗವನ್ನು ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಹತ್ತು ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧವಾದಂತೆ ತೋರುವುದರಿಂದ ಇದು ಸಣ್ಣ ಲಾಭವಲ್ಲ. ದೊಡ್ಡ ಫ್ಯಾನೊಂದು ನಿಧಾನವಾಗಿ ತಿರುಗುತ್ತಿದ್ದರೆ ಬಹುಮಂದಿಗೆ ಸಾಕು, ಖರ್ಚೂ ಕಡಿಮೆ. ನಾನು ಪೂರ್ತಿ ಬೇಡವೆಂದದ್ದಕ್ಕೆ ಧೂಳೂ ಒಂದು ಕಾರಣ. ಫ್ಯಾನು ಗಾಳಿಯ ಜೊತೆಗೆ ಧೂಳನ್ನೂ ಸೆಳೆದು ಹಾಳೆಗಳ ಸಂದಿಗೆ ತುಂಬುತ್ತದೆ, ಬಿಸಿ ಏರುತ್ತದೆ, ಬಿಸಿ ಏರಿದಂತೆ ತಾನೇ ಇನ್ನಷ್ಟು ಜೋರಾಗಿ ಕೂಗುತ್ತದೆ. ನನ್ನ ಪೆಟ್ಟಿಗೆಯ ಮೇಲೆ ಕೂರುವ ಧೂಳಿಗೆ ತಿಂಗಳಿಗೊಮ್ಮೆ ಒಣಬಟ್ಟೆ ಸಾಕು. ಆದರೆ ಅದನ್ನು ಗೋಡೆಗೆ ಒತ್ತಿ ಇಡುವಂತಿಲ್ಲ, ಕಪಾಟಿನೊಳಗೆ ಸೇರಿಸುವಂತಿಲ್ಲ. ಟೀವಿಯ ಮೇಲೆ ಕಸೂತಿ ಬಟ್ಟೆ ಹಾಸುವ ನಮ್ಮ ಮನೆಗಳ ಸಂಪ್ರದಾಯವನ್ನಂತೂ ಇಲ್ಲಿ ಕೈಬಿಡಲೇಬೇಕು.

ಈಗ ಕೇಳುವುದೇನು? ಟೇಪಿನ ಸ್ವಂತ ಮರ್ಮರ ಹಾಗೆಯೇ ಇದೆ. ಅದನ್ನು ಯಾವ ಪೆಟ್ಟಿಗೆಯೂ ತೆಗೆಯಲಾರದು. ಆದರೆ ಅದರ ಹಿಂದೆ ಹಾಡುಗಾರನ ಉಸಿರು, ಮುಂದಿನ ಪದವನ್ನು ನೆನಪಿಸುವ ಹಿಮ್ಮೇಳದ ಮುದುಕನ ಪಿಸುಮಾತು, ಜಗುಲಿಯಾಚೆ ಎಲ್ಲೋ ಒಂದು ಎತ್ತಿನ ಕೊರಳಗಂಟೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಆ ಪಿಸುಮಾತು ಅಷ್ಟೂ ವರ್ಷ ಟೇಪಿನಲ್ಲಿತ್ತೆಂಬುದೇ ನನಗೆ ತಿಳಿದಿರಲಿಲ್ಲ. ಹಾಡುಗಾರ ನುಂಗಿದ ಪದವನ್ನು ಎಷ್ಟೋ ಕಡೆ ಮುದುಕ ಮೊದಲೇ ಸ್ಪಷ್ಟವಾಗಿ ಹೇಳಿರುತ್ತಾನೆ. ಚುಕ್ಕೆಗಳನ್ನಿಟ್ಟು ಬಿಟ್ಟಿದ್ದ ಜಾಗಗಳನ್ನು ಅವನ ನೆರವಿನಿಂದ ತುಂಬುತ್ತ ಬರುತ್ತಿದ್ದೇನೆ.

ಬೇಸಿಗೆಯದೊಂದು ತೊಡಕು ಉಂಟು. ಪ್ರೊಸೆಸರು ಸುತ್ತಲ ಗಾಳಿಗಿಂತ ಇಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿರುವುದೆಂಬ ಲೆಕ್ಕ ಮಾತ್ರ ನಮ್ಮ ಕೈಯಲ್ಲಿದೆ. ಗಾಳಿಯೇ ಬಿಸಿಯಾದರೆ ಅದೂ ಅಷ್ಟೇ ಮೇಲೇರುತ್ತದೆ. ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ ತಾರಸಿಯ ಕೆಳಗಿನ ನನ್ನ ಕೋಣೆ 34 ಡಿಗ್ರಿ ಇದ್ದಾಗ, ಹಳೆಯ ಧ್ವನಿಯನ್ನು ಶೋಧಿಸುವ ಭಾರದ ಕೆಲಸ ಕೊಟ್ಟು ನೋಡಿದೆ. ಪ್ರೊಸೆಸರು 76 ಡಿಗ್ರಿ ಮುಟ್ಟಿ ಅಲ್ಲಿಯೇ ನಿಂತಿತು. ಇಂಥ ಪ್ರೊಸೆಸರುಗಳು 95-100 ಡಿಗ್ರಿಯ ಹತ್ತಿರ ಬಂದಾಗ ತಾವಾಗಿಯೇ ವೇಗ ತಗ್ಗಿಸಿಕೊಳ್ಳುತ್ತವೆ, ಆದ್ದರಿಂದ ಭಯವಿಲ್ಲ. ರಾಯಚೂರು, ಕಲಬುರಗಿಗಳ ಬಿಸಿಲಿನಲ್ಲಿ ಇಷ್ಟು ನೆಮ್ಮದಿ ಇರಲಾರದು. ಅಲ್ಲಿಯವರು ಇನ್ನೊಂದು ಪುಟದಷ್ಟು ಅಲ್ಯೂಮಿನಿಯಂ ಹೆಚ್ಚಿಗೆ ಇಟ್ಟುಕೊಳ್ಳುವುದು ಮೇಲು. ಶೋಧಿಸುವ ಕೆಲಸವನ್ನು ನಾನು ಬೆಳಗಿನ ಜಾವಕ್ಕೆ ಇಟ್ಟುಕೊಂಡಿದ್ದೇನೆ. ಕೋಣೆ ಆಗ ತಣ್ಣಗಿರುತ್ತದೆ, ಬೀದಿಯೂ ಎದ್ದಿರುವುದಿಲ್ಲ. ಕೇಳಿ ಬರೆಯಬೇಕಾದ ಕ್ಯಾಸೆಟ್ಟುಗಳು ಇನ್ನೂ ಹತ್ತೊಂಬತ್ತು ಇವೆ.