ಮನೆಯೊಳಗಿನ ಕಾಲುವೆ

ತುಂಗಭದ್ರಾ ಎಡದಂಡೆಯ ಮೇಲ್ಭಾಗದವರು ನೀರನ್ನೆಲ್ಲ ಎಳೆದುಕೊಂಡರೆ ಮಾನ್ವಿ, ರಾಯಚೂರುಗಳ ಕೊನೆಭಾಗದ ಹೊಲಗಳು ಒಣಗುವುದನ್ನು ನಮ್ಮ ವಾಚಕರು ಬಲ್ಲರು. ಒಂದೇ ಅಂತರ್ಜಾಲ ಸಂಪರ್ಕವನ್ನು ನಾಲ್ಕು ಕಂಪ್ಯೂಟರುಗಳು ಹಂಚಿಕೊಳ್ಳುವ ಮನೆಯಲ್ಲಿಯೂ ನಡೆಯುವುದು ಇದೇ. ರೌಟರು ಪ್ರತಿಯೊಂದು ಯಂತ್ರಕ್ಕೂ ಒಳವಿಳಾಸವನ್ನಿತ್ತು, ಯಾರು ಏನು ಕೇಳಿದರೆಂಬ ಲೆಕ್ಕವಿಟ್ಟು, ಹೊರಜಗತ್ತಿಗೆ ಒಂದೇ ವಿಳಾಸವನ್ನು ತೋರಿಸುವುದು. ಆದರೆ ಒಬ್ಬನು ಚಲಚ್ಚಿತ್ರವನ್ನು ಇಳಿಸಿಕೊಳ್ಳತೊಡಗಿದನೆಂದರೆ ಪಕ್ಕದ ಕೋಣೆಯ ವಿದ್ಯಾರ್ಥಿನಿಯ ಪಾಠವು ನಿಂತೇಹೋಗುವುದು! ಪಾಲು ಗೊತ್ತುಪಡಿಸುವ ಏರ್ಪಾಡು ಅನೇಕ ರೌಟರುಗಳಲ್ಲಿಯೇ ಇದೆ. ಯಜಮಾನರು ತೆರೆದು ನೋಡಬೇಕಷ್ಟೆ.

ಸಂಪರ್ಕವೇ ಇಲ್ಲದ ಮನೆಗಳ ಮಾತು ಬೇರೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಪಿಎಂ-ವಾಣಿ ಯೋಜನೆಯಂತೆ ಕಿರಾಣಿ ಅಂಗಡಿಯವನೂ ಲೈಸೆನ್ಸಿಲ್ಲದೆ, ಸರಕಾರಕ್ಕೆ ಶುಲ್ಕ ತೆರದೆ, ತನ್ನ ಸಂಪರ್ಕವನ್ನು ವೈಫೈ ಮೂಲಕ ಊರವರಿಗೆ ಹಂಚಬಹುದು. ದೇವದುರ್ಗದ ವರ್ತಕರಿಗೆ ಇದನ್ನು ತಿಳಿಸಿಕೊಡುವ ಶ್ರಮವನ್ನು ತಾಲ್ಲೂಕಿನ ಅಧಿಕಾರಿಗಳು ವಹಿಸುವರೆಂದು ನಾವು ಎದುರು ನೋಡುತ್ತೇವೆ.