ಉಂಡ ತುಪ್ಪವು ಹೋಗುವ ದಾರಿ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಮೈ ಬೆಳೆದೀತೆಂಬ ಅಂಜಿಕೆಯಿಂದ ಹೆಣ್ಣುಮಕ್ಕಳ ಎಲೆಗೆ ತುಪ್ಪವನ್ನೇ ಬಡಿಸದಿರುವ ವಾಡಿಕೆಯು ಕೆಲವು ಮನೆಗಳಲ್ಲಿ ಉಂಟೆಂದು ನಾವು ಬಲ್ಲೆವು. ಆದಕಾರಣ ಉಂಡ ಕೊಬ್ಬು ಶರೀರದಲ್ಲಿ ಯಾವ ದಾರಿಯನ್ನು ಹಿಡಿಯುವುದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ತಿಳಿಸುತ್ತೇವೆ.

ಅನ್ನದಿಂದುಂಟಾಗುವ ಸಕ್ಕರೆಯು ಕರುಳಿನಿಂದ ನೇರವಾಗಿ ರಕ್ತವನ್ನು ಸೇರುವುದು. ಕೊಬ್ಬಿನ ಬಹುಭಾಗವು ಹಾಗಲ್ಲ. ಸಣ್ಣ ಕರುಳಿನ ಒಳಗೋಡೆಯ ಜೀವಕೋಶಗಳು ಅದನ್ನು ಕೈಲೊಮೈಕ್ರಾನ್ ಎಂಬ ಸೂಕ್ಷ್ಮವಾದ ಹನಿಗಳಾಗಿ ಕಟ್ಟುವವು. ರಕ್ತದ ಕಿರುನಾಳಗಳನ್ನು ಹೊಗಲಾರದಷ್ಟು ದೊಡ್ಡವಾದುದರಿಂದ ಈ ಹನಿಗಳು ದುಗ್ಧನಾಳಗಳೆಂಬ ಬೇರೆ ಕಾಲುವೆಗಳನ್ನು ಸೇರಿ, ಎದೆಯ ಮೂಲಕ ಏರಿ, ಕೊರಳಿನ ಬುಡದಲ್ಲಿ ರಕ್ತದೊಡನೆ ಕೂಡಿಕೊಳ್ಳುವವು. 1622ರಲ್ಲಿ ಇಟಲಿಯ ಗಾಸ್ಪರೆ ಅಸೆಲ್ಲಿ ಎಂಬ ವೈದ್ಯರು, ಆಗತಾನೆ ಉಂಡಿದ್ದ ನಾಯಿಯೊಂದರ ಹೊಟ್ಟೆಯನ್ನು ಸೀಳಿದಾಗ ಹಾಲಿನಂತೆ ಬೆಳ್ಳಗಿದ್ದ ಎಳೆಗಳನ್ನು ಕಂಡರು. ಅವೇ ಈ ನಾಳಗಳು.

ಇವುಗಳ ಬಾಗಿಲು ಎಂಥದು? ರವಕೆಗೆ ಗುಂಡಿಗಳನ್ನು ಹಾಕಿದ ಮೇಲೂ ಗುಂಡಿಗೂ ಗುಂಡಿಗೂ ನಡುವೆ ಸ್ವಲ್ಪ ಸಂದು ಉಳಿಯುವುದಷ್ಟೆ. ದುಗ್ಧನಾಳದ ಜೀವಕೋಶಗಳ ಅಂಚುಗಳೂ ಹಾಗೆಯೇ ಕೂಡಿರುವವು. ಕೊಬ್ಬಿನ ಹನಿಗಳು ಆ ಸಂದುಗಳಿಂದ ಒಳಹೊಗುವವು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆನ್ ಐಕ್‌ಮನ್ ಅವರೂ ಜೊತೆಗಾರರೂ ಇಲಿಗಳ ನಾಳಗಳ ಒಳಪದರದಲ್ಲಿ ಎರಡು ಜೀನುಗಳನ್ನು ಅಳಿಸಿ ನೋಡಿ, ಕಂಡುದನ್ನು 2018ರಲ್ಲಿ ಪ್ರಕಟಿಸಿದರು. ಆ ಇಲಿಗಳಲ್ಲಿ ಸಂದುಗಳು ಒತ್ತಾದ ಹೊಲಿಗೆಯಂತೆ ಮುಚ್ಚಿಹೋದವು. ಹನಿಗಳಿಗೆ ಪ್ರವೇಶವು ತಪ್ಪಿತು. ಕೊಬ್ಬು ತುಂಬಿದ ಆಹಾರವನ್ನು ತಿಂದರೂ ಅವು ಇತರ ಇಲಿಗಳಂತೆ ದಪ್ಪವಾಗಲಿಲ್ಲ. 2005ರಲ್ಲಿ ಇದಕ್ಕೆ ವಿರುದ್ಧವಾದುದು ಪ್ರಕಟವಾಗಿತ್ತು. ಪ್ರಾಕ್ಸ್1 ಎಂಬ ಜೀನಿನ ಎರಡು ಪ್ರತಿಗಳಲ್ಲಿ ಒಂದಿಲ್ಲದ ಇಲಿಗಳಲ್ಲಿ ನಾಳಗಳು ಸೋರುತ್ತಿದ್ದವು. ಬೆಳೆದ ಮೇಲೆ ಆ ಇಲಿಗಳು ಸ್ಥೂಲವಾದವು.

ಹಾಗಾದರೆ ಬಾಗಿಲನ್ನು ಮುಚ್ಚಿಬಿಡುವುದೇ ಲೇಸೆಂದು ಎಣಿಸಬಾರದು. ಎ, ಡಿ, ಇ, ಕೆ ಎಂಬ ಜೀವಸತ್ವಗಳು ಕೊಬ್ಬಿನ ಜೊತೆಯಲ್ಲಿ ಇದೇ ದಾರಿಯನ್ನು ಹಿಡಿಯುವವು. ಹುಟ್ಟಿನಿಂದಲೇ ಈ ನಾಳಗಳು ಕೆಟ್ಟಿರುವ ಕೂಸುಗಳು ಭೇದಿಯಿಂದಲೂ ಬಾವಿನಿಂದಲೂ ಬಳಲಿ, ಸರಿಯಾಗಿ ಬೆಳೆಯಲಾರವು. ಅಂಥವಕ್ಕೆ ವೈದ್ಯರು ದುಗ್ಧನಾಳದ ಹಂಗಿಲ್ಲದೆ ನೇರವಾಗಿ ರಕ್ತದ ಮೂಲಕ ಯಕೃತ್ತನ್ನು ಸೇರುವ ಬೇರೊಂದು ಬಗೆಯ ಕೊಬ್ಬನ್ನು ಕೊಡಿಸುವರು.

ತಾಯಂದಿರೇ, ಇಲಿಯಲ್ಲಿ ಕಂಡುದೆಲ್ಲವೂ ಮನುಷ್ಯರಿಗೆ ಹಾಗೆಯೇ ಸಲ್ಲುವುದೆಂದು ನಾವು ಹೇಳುವುದಿಲ್ಲ. ಆದರೆ ಬೆಳೆಯುವ ಮಕ್ಕಳಿಗೆ ಮಿತವಾದ ಕೊಬ್ಬು ಬೇಕೇ ಬೇಕು. ಮಗನ ಎಲೆಗೆ ಬಡಿಸಿದಷ್ಟು ತುಪ್ಪವನ್ನು ಮಗಳ ಎಲೆಗೂ ಬಡಿಸಿರೆಂದು ಬೇಡಿಕೊಳ್ಳುತ್ತೇವೆ.