ಸಾಪಿಂಡ್ಯವೂ ವಂಶವಾಹಿಪರೀಕ್ಷೆಯೂ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸಬೇಡರ ಕಟ್ಟೆಮನೆಗಳಲ್ಲೊಂದು. ಈ ಜನರಲ್ಲಿ ವಧೂವರರ ಬೆಡಗು ಒಂದೇ ಆದರೆ ವಿವಾಹವು ನಿಷಿದ್ಧ. ಬೆಡಗಾದರೋ ತಂದೆಯಿಂದ ಬರತಕ್ಕದ್ದು. ಆದಕಾರಣ ಸೋದರಮಾವನೂ ಸೋದರಸೊಸೆಯೂ ಭಿನ್ನ ಬೆಡಗಿನವರೇ ಆಗುವರು. ದಕ್ಷಿಣದೇಶದ ಅನೇಕ ಕುಲಗಳ ಗೋತ್ರನಿಯಮಕ್ಕೂ ಇದೇ ಮಿತಿಯುಂಟು.

ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಪಿಂಡವೆಂದರೆ ಶರೀರವೆಂದೇ ಅರ್ಥಮಾಡಿ, ಏಕಶರೀರದ ಅವಯವಾನ್ವಯವುಳ್ಳವರನ್ನು ಸಪಿಂಡರೆಂದನು. ಆ ಸಂಬಂಧವು ತಾಯಿಯ ಕಡೆ ಐದನೆಯ, ತಂದೆಯ ಕಡೆ ಏಳನೆಯ ತಲೆಮಾರಿನ ಮೇಲೆ ನಿವೃತ್ತವಾಗುವುದು. ಇಂದಿನ ವಂಶವಾಹಿಶಾಸ್ತ್ರವು ಉಭಯಪಕ್ಷಗಳನ್ನೂ ಸಮವಾಗಿ ಎಣಿಸುತ್ತದೆ. ಅದರಂತೆ ಸೋದರಮಾವನಿಗೂ ಸೊಸೆಗೂ ವಂಶವಾಹಿಗಳಲ್ಲಿ ಸರಾಸರಿ ಕಾಲುಪಾಲು ಸಮಾನ. ಥಲಸೀಮಿಯದಂತಹ ರೋಗದ ಒಂದೇ ದೋಷವನ್ನು ದಂಪತಿಗಳಿಬ್ಬರೂ ಅವ್ಯಕ್ತವಾಗಿ ಧರಿಸಿದ್ದರೆ, ಪ್ರತಿಯೊಂದು ಶಿಶುವಿಗೂ ರೋಗಸಂಭವವು ನೂರಕ್ಕೆ 25. ವಿವಾಹಪೂರ್ವದ ರಕ್ತಪರೀಕ್ಷೆಯು ಇದನ್ನು ಮೊದಲೇ ತಿಳಿಸಬಲ್ಲುದು.

ಧರ್ಮಸೂಕ್ಷ್ಮವಿರುವುದು ಇಲ್ಲಿಂದ ಮುಂದೆ. 1994ರ ಭಾರತೀಯ ಶಾಸನವು ಗರ್ಭಪರೀಕ್ಷೆಯನ್ನು ರೋಗನಿರ್ಣಯಕ್ಕೆ ಸೀಮಿತಗೊಳಿಸಿ, ಲಿಂಗಪ್ರಕಟನೆಯನ್ನು ನಿಷೇಧಿಸಿತು. 2023ರಲ್ಲಿ ಬ್ರಿಟನ್ನಿನಲ್ಲಿ ಅನುಮತಿ ಪಡೆದ ಕುಡಗೋಲುಕಣ ರೋಗದ ಚಿಕಿತ್ಸೆಯು ರೋಗಿಯ ರಕ್ತಮೂಲಕಣಗಳನ್ನು ಮಾತ್ರ ತಿದ್ದುವುದು. ಅದರ ಫಲವು ಅವನಲ್ಲಿಯೇ ನಿಲ್ಲುವುದು. 2018ರಲ್ಲಿ ಚೀನಾದೇಶದಲ್ಲಿ ಭ್ರೂಣಗಳನ್ನೇ ತಿದ್ದಿದ ಕಾರ್ಯವಾದರೋ ಸಂತತಿಗೂ ಸಾಗಬಲ್ಲುದು. ಇನ್ನೂ ಹುಟ್ಟದವರ ಸಮ್ಮತಿಯನ್ನು ಯಾರೂ ಪಡೆಯಲಾರರು. ಜಗತ್ತು ಅದನ್ನು ಖಂಡಿಸಿದುದು ಯುಕ್ತವೇ.

ದೋಷಧಾರಣೆಯು ರೋಗವಲ್ಲ, ಕುಲಕಳಂಕವೂ ಅಲ್ಲ. ಪರೀಕ್ಷೆಯ ಫಲವು ವಧೂವರರಿಗೆ ಮಾತ್ರ ತಿಳಿದು, ನಿರ್ಣಯವು ಅವರದೇ ಆಗತಕ್ಕದ್ದು. ಅದು ಊರಿನ ಮಾತಾದರೆ ಹೆಣ್ಣುಮಕ್ಕಳನ್ನು ನಿರಾಕರಿಸಲು ಮತ್ತೊಂದು ನೆಪವಾಗುವುದು. ವೈದ್ಯವು ವೈದ್ಯವಾಗಿ ಉಳಿಯದು.